ಹೆಡ್‌ಮಾಸ್ತರರ ವಿಲಾಯತಿ ಪಂಕ್ತಿ

೧೯೩೮ರ ಬೇಸಿಗೆಯಲ್ಲಿ, ಆಳಂದದ ಕಾಳುಪೇಟೆಯ ಹಿಂದಿನ ವಖಾರಿಯೊಂದರಲ್ಲಿ ನಡೆಯುತ್ತಿದ್ದ ಸಣ್ಣ ಶಾಲೆಯ ಹೆಡ್‌ಮಾಸ್ತರರು ಊರಿನ ಕೆಲವು ಗಣ್ಯರಿಗೆ ಐನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಊಟ ಬಡಿಸಿದರು. ಆ ದಿನ ಅವರ ಬಲಗೈಯ ಬೆರಳುಗಳು ಕೇಸರಿಯಿಂದ ಹಳದಿಯಾಗಿದ್ದವು. ಹೆಬ್ಬೆರಳಿನ ಮೇಲೆ ಸ್ಟೋವು ಸುಟ್ಟ ಗುಳ್ಳೆ ಎದ್ದಿತ್ತು. ಆ ಗುಳ್ಳೆಯನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಅವರು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಾಡುತ್ತಿದ್ದರು.

ನಡೆದಾಡುವುದು ಅವರ ಸ್ವಭಾವ. ಪಾಠವನ್ನು ನಡೆಯುತ್ತ ಹೇಳುತ್ತಿದ್ದರು. ಮಕ್ಕಳ ಕತ್ತುಗಳು ಅವರ ಹಿಂದೆ ಅತ್ತಿತ್ತ ತಿರುಗುತ್ತಿದ್ದವು. ಊಟವನ್ನೂ ನಿಂತೇ ಮಾಡುತ್ತಿದ್ದರು. ರೊಟ್ಟಿಯನ್ನು ಅಂಗೈ ಮೇಲೆ ಹಿಡಿದು, ಅದರ ಮೇಲೆ ಪಲ್ಯ ಹಾಕಿಸಿಕೊಂಡು, ಅಂಗಳದಲ್ಲಿ ಸುತ್ತುತ್ತ ಉಣ್ಣುತ್ತಿದ್ದರು. ಅವರ ಪತ್ನಿ ಹೊಸ್ತಿಲ ಮೇಲೆ ನಿಂತು ಗದರುತ್ತಿದ್ದುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

"ನೆಲದಾಗ ಮುಳ್ಳು ಅದಾವೇನ್ರಿ? ಒಂದ್ ತುತ್ತರೆ ಕುಂತು ಉಣ್ರಿ."

"ಕುಂತ್ರ ಹೊಟ್ಟಿ ನೆನಪಾಗ್ತದ. ನಿಂತ್ರ ಕೆಲಸ ನೆನಪಾಗ್ತದ," ಎನ್ನುತ್ತಿದ್ದರು ಹೆಡ್‌ಮಾಸ್ತರರು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ.

ಆಗ ಆಳಂದ ನಿಜಾಮರ ಸೀಮೆಯಲ್ಲಿತ್ತು. ಸರಕಾರಿ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮಕ್ಕಳಿಗೆ ಕನ್ನಡ, ಲೆಕ್ಕ, ಒಂದಿಷ್ಟು ಇಂಗ್ಲಿಷ್ ಬರಲಿ ಎಂದು ಊರವರೇ ಕೂಡಿ ನಡೆಸುತ್ತಿದ್ದ ಶಾಲೆ ನಮ್ಮದು. ಜಾಗ ತೊಗರಿ, ಜೋಳದ ಅಡತಿ ನಡೆಸುತ್ತಿದ್ದ ಸಾವುಕಾರರದು. ಸುಗ್ಗಿಯಲ್ಲಿ ಅರ್ಧ ವಖಾರಿಗೆ ತೊಗರಿ ಚೀಲಗಳು ಬಂದು ಬೀಳುತ್ತಿದ್ದವು. ಮಕ್ಕಳು ಚೀಲಗಳ ಮೇಲೆ ಕುಳಿತೇ ಮಗ್ಗಿ ಹೇಳುತ್ತಿದ್ದರು. ಸಾವುಕಾರರು ಕೆಟ್ಟವರಲ್ಲ. ಜಾಗ ಕೊಟ್ಟವರು ಅವರು, ಗೋಡೆಗೆ ಸುಣ್ಣ ಹೊಡೆಸಿದವರು ಅವರು, ಬಡವರ ಮಕ್ಕಳಿಗೆ ಪಾಟಿ ಕೊಡಿಸಿದವರೂ ಅವರೇ.

ನಾನು ಮಾದನಹಿಪ್ಪರಗಾದ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಮುಟ್ಟಬಾರದವರು ಎಂದು ಊರು ಹೇಳುತ್ತಿದ್ದ ಕುಲ. ಸೊಲ್ಲಾಪುರದ ಮಿಶನ್ ಶಾಲೆಯಲ್ಲಿ ಓದಿ ಕೆಲಸ ಹುಡುಕುತ್ತಿದ್ದಾಗ ಹೆಡ್‌ಮಾಸ್ತರರು ಸಿಕ್ಕರು. "ಹತ್ತೊಂಬತ್ತರ ಮಗ್ಗಿ ಹೇಳ್ರಿ," ಎಂದರು. ಹೇಳಿದೆ. "ನಾಳಿಂದ ಬರ್ರಿ," ಎಂದರು. ಕುಲ ಕೇಳಲಿಲ್ಲ.

ಊರವರು ಕೇಳಿದರು. ಅವರಿಗೂ ಸಾವುಕಾರರಿಗೂ ನಡುವೆ ಒಂದು ಒಪ್ಪಂದವಾಯಿತು. ನಾನು ಲೆಕ್ಕ ಕಲಿಸಬಹುದು. ಶಾಲೆಯ ನೀರಿನ ಕೊಡ ಮುಟ್ಟಬಾರದು, ಮಾಸ್ತರರ ಊಟದ ಪಂಕ್ತಿಯಲ್ಲಿ ಕೂಡಬಾರದು. ಸಾವುಕಾರರೂ ಹೆಡ್‌ಮಾಸ್ತರರೂ ಬಸವಣ್ಣನವರನ್ನು ನಂಬಿದ ಮನೆತನದವರು. ಇಬ್ಬರ ಕೊರಳಲ್ಲೂ ಲಿಂಗವಿತ್ತು.

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ನಿಂತ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿಯ ಊಟವನ್ನು ಹೊಲದಲ್ಲೇ ಮುಗಿಸುತ್ತಾರೆ. ನಾನು ಶಾಲೆಗೆ ಸೇರಿದ ವರ್ಷ ಮಾಸ್ತರರಿಗೆಲ್ಲ ಸಾವುಕಾರರ ಹೊಲದಲ್ಲಿ ಊಟವಿತ್ತು. ಅವರಿಗೆ ಬೇವಿನ ಗಿಡದ ಕೆಳಗೆ ಬಡಿಸಿದರು. ನನ್ನ ಎಲೆಯನ್ನು ಬದುವಿನಾಚೆ ಜಾಲಿಯ ಗಿಡದ ಕೆಳಗೆ ಇಟ್ಟರು. ಹೆಡ್‌ಮಾಸ್ತರರು ಅಂಗೈಯಲ್ಲಿ ರೊಟ್ಟಿ ಹಿಡಿದು ಬೇವಿನಿಂದ ಜಾಲಿಗೆ, ಜಾಲಿಯಿಂದ ಬೇವಿಗೆ ಓಡಾಡಿದರು. ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ಕೊನೆಗೆ ರೊಟ್ಟಿಯನ್ನು ಸಾವುಕಾರರ ಎತ್ತಿಗೆ ತಿನ್ನಿಸಿ, ಯಾರಿಗೂ ಹೇಳದೆ ಊರ ಕಡೆ ನಡೆದುಬಿಟ್ಟರು.

ಮರುದಿನ ನನ್ನನ್ನು ವಖಾರಿಯ ಹಿಂದಿನ ಕೋಣೆಗೆ ಕರೆದರು.

"ನಿಮ್ಮನ್ನ ತಗದು ಬ್ಯಾರೆ ಮಾಸ್ತರನ್ನ ತರ್ರಿ ಅಂತ ಸಾವಕಾರ್ರ ಕಡೆ ಮಂದಿ ಹೋಗಾಕತ್ತದ. ಅವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಬ್ಯಾಸಗಿ ಸೂಟಿ ಬರೂದರಾಗ ಹೇಳ್ತೀನಿ ಅಂದಾರ. ಅಷ್ಟರಾಗ ಸಾವಕಾರ್ರು ಒಮ್ಮೆ ನಿಮ್ಮ ಜೋಡಿ ಕುಂತು ಉಂಡ್ರಂದ್ರ ಮುಗೀತು. ನುಂಗಿದ್ದು ಹೊರಗ ಬರಂಗಿಲ್ಲ. ಆಮ್ಯಾಲೆ ಯಾವ ಬಾಯಿಲೇ ನಿಮ್ಮನ್ನ ತಗೀತಾರ?"

"ಸರ, ನನಗ ಕೆಲಸ ಸಾಕ್ರಿ. ಪಂಕ್ತಿ ಬ್ಯಾಡ," ಎಂದೆ.

"ನಿಮಗ ಬ್ಯಾಡ ಇರಬಹುದು. ನಿನ್ನಿ ಮಧ್ಯಾನದಿಂದ ನನ್ನ ಗಂಟಲಾಗ ತುತ್ತು ಇಳೀವಲ್ದು. ಇದು ನಿಮ್ಮ ಕೆಲಸ ಅಲ್ಲ, ನನ್ನ ಹೊಟ್ಟಿ ಕೆಲಸ."

ನನ್ನ ಒಪ್ಪಿಗೆಯನ್ನು ಅವರು ಮತ್ತೆ ಕೇಳಲಿಲ್ಲ.

ಸಾವುಕಾರರನ್ನು ನೇರವಾಗಿ ಕರೆದರೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೆಡ್‌ಮಾಸ್ತರರು ದಾರಿಯನ್ನು ಸೊಲ್ಲಾಪುರದಲ್ಲಿ ಹಳೆ ಸಾಮಾನು ಮಾರುವ ಜೂನಾ ಬಜಾರದಲ್ಲಿ ಕಂಡುಕೊಂಡರು. ವಿಲಾಯತಿಗೆ ಮರಳಿದ ಗಿರಣಿಯ ಸಾಹೇಬನೊಬ್ಬನ ಮನೆಯ ಸಾಮಾನು ಅಲ್ಲಿ ಬಂದು ಬಿದ್ದಿತ್ತು. ಅದರಲ್ಲಿ ಮೊದಲ ಹಾಳೆಗಳೂ ರಟ್ಟೂ ಹೋಗಿದ್ದ ಒಂದು ಇಂಗ್ಲಿಷ್ ಪುಸ್ತಕ. ಐನೂರು ವರ್ಷಗಳ ಹಿಂದೆ ಅವರ ಅರಮನೆ, ಮಠಗಳಲ್ಲಿ ಬೇಯುತ್ತಿದ್ದ ಅಡಿಗೆಗಳ ಪುಸ್ತಕ ಅದು. ಅವರು ಅದನ್ನು ಬಸ್ಸಿನಲ್ಲಿ ನಿಂತೇ ಓದುತ್ತ ಬಂದರಂತೆ. ಬಂದವರೇ ನನ್ನ ತರಗತಿಯ ಬಾಗಿಲಿಗೆ ಬಂದು ಕೂಗಿದರು:

"ಸಿಕ್ತು, ಮಾಸ್ತರ! ನಮ್ಮ ಅಡಗಿಗೆ ಒಂದೊಂದಕ್ಕೂ ರಿವಾಜ ಅದ. ರೊಟ್ಟಿ ಯಾರ್ ಬಡೀಬೇಕು, ಸಾರು ಯಾರ್ ಕುದಿಸಬೇಕು, ಯಾರ್ ಮುಟ್ಟಿದ್ರ ನಡೀತದ, ಯಾರ್ ಮುಟ್ಟಿದ್ರ ನಡ್ಯಂಗಿಲ್ಲ. ಒಣಾ ಜೋಳ ಯಾರ್ ಮುಟ್ಟಿದ್ರೂ ನಡೀತದ, ನೀರು ಬಿದ್ದ ಕೂಡ್ಲೆ ಜಾತಿ ಬರ್ತದ. ಈ ಅಡಗಿಗೆ? ಒಂದ್ ರಿವಾಜೂ ಇಲ್ಲ! ನಮ್ಮ ಅಜ್ಜಗೂ ಗೊತ್ತಿಲ್ಲ, ಸಾವಕಾರ್ರ ಅಜ್ಜಗೂ ಗೊತ್ತಿಲ್ಲ. ಇದು ಯಾರ ಮನೀದೂ ಅಲ್ಲ."

ಪುಸ್ತಕದ ತುಂಬ ಮಾಂಸವಿತ್ತು. ಆ ಹಾಳೆಗಳನ್ನು ಅವರು ಚೀಲ ಹೊಲಿಯುವ ದಬ್ಬಣದಿಂದ ಹೊಲಿದು ಮುಚ್ಚಿಬಿಟ್ಟರು. ಉಳಿದವು ಉಪವಾಸದ ಹಾಳೆಗಳು. ಆ ಕಾಲದ ಇಂಗ್ಲೆಂಡಿನಲ್ಲಿ ವರ್ಷಕ್ಕೊಮ್ಮೆ ಬಹಳ ದಿನ ನಡೆಯುವ ಉಪವಾಸವಿತ್ತಂತೆ. ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಬೆಣ್ಣೆಯೂ ಆಗ ವರ್ಜ್ಯ. ಹಾಲಿನ ಬದಲು ಬಾದಾಮಿ ಅರೆದು ಹಿಂಡಿದ ಹಾಲು. ಅದರಲ್ಲಿ ಕುಟ್ಟಿದ ಗೋಧಿ ಬೇಯಿಸಿ, ಕೇಸರಿ, ಶುಂಠಿ, ಮೆಣಸು ಹಾಕುತ್ತಿದ್ದರು. ಅಂಜೂರವನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುತ್ತಿದ್ದರು.

ಇದನ್ನು ಕೇಳಿ ಹೆಡ್‌ಮಾಸ್ತರರ ಪತ್ನಿ ನಕ್ಕರು. "ಹಾಲು ಕುಡೀಲಾರದ್ದು ಅದೆಂಥಾ ಉಪಾಸ್ರಿ? ಹಾಲು, ಬಾಳಿಹಣ್ಣಿನ ಆಸೇಕ್ಕ ಅಲ್ಲೇನು ಮಂದಿ ಉಪಾಸ ಮಾಡೂದು?"

ಆದರೆ ತಮ್ಮ ಒಲೆಯ ಮೇಲೆ ಈ ಅಡಿಗೆ ಬೇಡವೆಂದು ಖಡಾಖಂಡಿತ ಹೇಳಿದರು. ಹೆಡ್‌ಮಾಸ್ತರರಿಗೂ ಅದೇ ಬೇಕಾಗಿತ್ತು. ವಖಾರಿಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೋವು, ಅಲ್ಯುಮಿನಿಯಮ್ಮಿನ ಎರಡು ಹೊಸ ಜರ್ಮನ್ ಪಾತ್ರೆ, ಒಂದು ಒರಳು, ಒಂದು ಅರೆಯುವ ಕಲ್ಲು. ನಿಂತು ಅಡಿಗೆ ಮಾಡುವ ಕೋಣೆ. ಅಂಥದ್ದನ್ನು ಆಳಂದದಲ್ಲಿ ನಾನು ಬೇರೆಲ್ಲೂ ನೋಡಿರಲಿಲ್ಲ.

"ಒಲಿಗೆ ಮಡಿ ಮೈಲಿಗಿ ಅದ," ಎನ್ನುತ್ತಿದ್ದರು ಪಂಪು ಹೊಡೆಯುತ್ತ. "ಇಸ್ಟೋಕ್ಕ ಪಿನ್ನು, ವಾಶರು ಅಷ್ಟ."

ಶಾಲೆ ಬಿಟ್ಟ ಮೇಲೆ ಸಂಜೆಗಳಲ್ಲಿ ನಮ್ಮ ಪ್ರಯೋಗ. ಪುಸ್ತಕ ಹೇಳುವುದು ಕಡಿಮೆ, ಬಿಡುವುದು ಹೆಚ್ಚು. ಗೋಧಿ ಕುಟ್ಟು ಎನ್ನುತ್ತಿತ್ತು, ಎಷ್ಟು ಎನ್ನುತ್ತಿರಲಿಲ್ಲ. ಬೇಯುವ ತನಕ ಬೇಯಿಸು ಎನ್ನುತ್ತಿತ್ತು. ಆ ಕಾಲದವರು ಅಡಿಗೆಯ ಹೊತ್ತನ್ನು ಪ್ರಾರ್ಥನೆ ಹೇಳಿ ಅಳೆಯುತ್ತಿದ್ದರೆಂದು ಹೆಡ್‌ಮಾಸ್ತರರು ಎಲ್ಲೋ ತಿಳಿದುಕೊಂಡಿದ್ದರು. ನಮಗೆ ಅವರ ಪ್ರಾರ್ಥನೆ ಬಾರದು. ಹಾಗಾಗಿ ನಾನು ಹತ್ತೊಂಬತ್ತರ ಮಗ್ಗಿ ಹೇಳಬೇಕು, ಅವರು ಸೌಟು ತಿರುಗಿಸಬೇಕು. ಗೋಧಿಗೆ ನೀರು ಚಿಮುಕಿಸಿ, ಕುಟ್ಟಿ, ಹೊಟ್ಟು ತೂರುವ ಕೆಲಸ ನನ್ನದು. ನಮ್ಮವ್ವ ಪರರ ಮನೆಯ ಕಾಳು ಕುಟ್ಟಿದವಳು. ಒನಕೆಯ ಹದ ಅವಳಿಂದ ಬಂದದ್ದು.

ಮೊದಲ ಸಲ ಗೋಧಿ ಸೀದಿತು. ಎರಡನೆಯ ಸಲ ಒಡೆಯಲಿಲ್ಲ. ಮೂರನೆಯ ಸಲ ಕೇಸರಿ ಹೆಚ್ಚಾಗಿ ಔಷಧದ ವಾಸನೆ ಹೊಡೆಯಿತು. ಇಬ್ಬರೂ ಒಂದೇ ಪಾತ್ರೆಯಿಂದ ಚಮಚ ಹಾಕಿ ರುಚಿ ನೋಡುತ್ತಿದ್ದೆವು. ಅದನ್ನು ಅವರು ಮಾತಿನಲ್ಲಿ ಎಂದೂ ಎತ್ತಲಿಲ್ಲ.

"ಹ್ಯಾಂಗದ, ಮಾಸ್ತರ?"

"ಸುಣ್ಣಕ್ಕ ಮೆಣಸಿನ ಪುಡಿ ಹಾಕಿದಂಗ ಅದರಿ, ಸರ."

"ಬರೋಬರಿ! ಹಂಗ ಇರಬೇಕು. ರುಚಿ ಹತ್ತಿತಂದ್ರ ಕೆಲಸ ಕೆಡ್ತದ."

ಒಂದು ಸಂಜೆ ಅವರ ಪತ್ನಿ ಬಾಗಿಲಾಚೆ ನಿಂತು ನಮ್ಮ ಪಾಡು ನೋಡಿದರು. "ಆ ಬಾದಾಮಿಗೆ ಯಾಕ ಬಡದಾಡ್ತೀರಿ? ಕುಸುಬಿ ಹಾಲು ಹಿಂಡ್ರಿ. ಬೆಲ್ಲ ಹಾಕ್ರಿ. ಗೋಧಿ ಬಂಗಾರ ಆಗ್ತದ." ನಮ್ಮಲ್ಲಿ ಕುಸುಬಿ ಬೀಜ ನೆನೆಹಾಕಿ, ಅರೆದು, ಹಿಂಡಿದ ಹಾಲಿನಲ್ಲಿ ಕುಟ್ಟಿದ ಗೋಧಿ ಬೇಯಿಸಿ ಹುಗ್ಗಿ ಮಾಡುತ್ತಾರೆ. ಹಬ್ಬದ ಅಡಿಗೆ ಅದು.

ಹೆಡ್‌ಮಾಸ್ತರರು ಸೌಟು ಎತ್ತಿ ಹಿಡಿದರು. "ಕುಸುಬಿ ಬ್ಯಾಡ! ಕುಸುಬಿ ನಾಲಗಿಗೆ ಗುರುತು ಸಿಗ್ತದ."

"ಗುರುತು ಸಿಗಲಾರದ್ದು ಉಣ್ಣಸ್ತಾರೇನ್ರಿ ಮಂದಿಗೆ?" ಎಂದು ಅವರು ಹೊರಟುಹೋದರು.

ಬೇಸಿಗೆ ಸೂಟಿಗೆ ಮುಂಚೆ ದಿನ ಗೊತ್ತಾಯಿತು. ವಿಲಾಯತಿ ವಸ್ತು ಎಂದರೆ ಪ್ರಾಣ ಬಿಡುತ್ತಿದ್ದ ತಹಶೀಲ್ದಾರ ಸಾಹೇಬರನ್ನು ಹೆಡ್‌ಮಾಸ್ತರರು ಮೊದಲು ಕರೆದರು. ಅವರು ಬರುತ್ತೇನೆಂದ ಮೇಲೆ ಸಾವುಕಾರರು ಬರುವುದಿಲ್ಲ ಎನ್ನುವಂತಿರಲಿಲ್ಲ. ಸಾವುಕಾರರ ಹಿಂದೆ ಊರಿನ ಉಳಿದ ಹಿರಿಯರು ಬಂದರು.

ತಟ್ಟೆಯ ಸಮಸ್ಯೆಯನ್ನೂ ಹೆಡ್‌ಮಾಸ್ತರರು ಪುಸ್ತಕದಿಂದಲೇ ಬಿಡಿಸಿದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ಹಳಸಿ ಗಟ್ಟಿಯಾದ ದಪ್ಪ ರೊಟ್ಟಿಯೇ ತಟ್ಟೆ. ಒಬ್ಬರ ಎಂಜಲನ್ನು ಇನ್ನೊಬ್ಬರು ತೊಳೆಯುವ ಮಾತಿಲ್ಲ. ನಮಗೆ ಖಡಕ್ ಜೋಳದ ರೊಟ್ಟಿ ಇತ್ತು. ಒಂದೇ ತಟ್ಟೆಯಲ್ಲಿ ಇಬ್ಬರು ಉಣ್ಣುವ ಪದ್ಧತಿಯೂ ಅವರಲ್ಲಿತ್ತೆಂದು ಪುಸ್ತಕ ಹೇಳುತ್ತಿತ್ತು. ಹೆಡ್‌ಮಾಸ್ತರರು ಅದನ್ನು ಓದಿ ಸ್ವಲ್ಪ ಹೊತ್ತು ನಡೆದಾಡಿ, "ಅಷ್ಟ ಬ್ಯಾಡ. ಒಮ್ಮಿಗೆ ಒಂದ ಮೆಟ್ಟಲಾ," ಎಂದರು.

ಆ ದಿನ ಬೆಳಿಗ್ಗೆಯೇ ಬಾದಾಮಿ ಹಾಲು ಹಿಂಡಿ ಇಟ್ಟೆವು. ಅದು ತಪ್ಪಾಯಿತು. ಇಂಗ್ಲೆಂಡಿನ ಚಳಿಯಲ್ಲಿ ನಿಲ್ಲುವ ಹಾಲು ಆಳಂದದ ಚೈತ್ರದಲ್ಲಿ ಮಧ್ಯಾಹ್ನದ ತನಕ ನಿಲ್ಲಲಿಲ್ಲ. ಹೆಡ್‌ಮಾಸ್ತರರು ತಹಶೀಲ್ದಾರರನ್ನು ಕರೆತರಲು ಹೋಗಿದ್ದರು. ನಾನು ಹಾಲನ್ನು ಬಿಸಿ ಗೋಧಿಗೆ ಸುರಿದೆ. ಅದು ಒಡೆದು ನೀರು ಬೇರೆ, ಹಿಂಡಿ ಬೇರೆಯಾಯಿತು. ಹುಳಿ ವಾಸನೆ ಕೋಣೆ ತುಂಬಿತು.

ಅಷ್ಟರಲ್ಲಿ ಹೆಡ್‌ಮಾಸ್ತರರ ಪತ್ನಿ ರೊಟ್ಟಿಯ ಬುಟ್ಟಿ ಹೊತ್ತು ಬಂದರು.

"ಏನ್ ಮಾಸ್ತರ, ಮಾರಿ ಹಿಂಗ್ಯಾಕ ಆಗೇದ?"

"ಹಾಲು ಒಡದದರಿ, ಅವ್ವಾರ."

ಅವರು ಬಗ್ಗಿ ಮೂಸಿದರು. "ಅಯ್ಯ ಶಿವನ! ಇದನ್ನ ಸಾಹೇಬ್ರಿಗೆ ಹಾಕಿದ್ರ ನಾಳಿಂದ ಇವರು ಊರಾಗ ತಿರಗ್ಯಾಡೂದು ಹ್ಯಾಂಗ? ಅದನ್ನ ಬಸೀರಿ. ಗೋಧಿ ತೊಳೀರಿ. ನಾಳಿನ ಅಡಗಿಗೆ ಕುಸುಬಿ ನೆನಿ ಇಟ್ಟೀನಿ, ತರ್ತೇನಿ."

"ಕುಸುಬಿ ಬ್ಯಾಡ ಅಂದಾರ್ರಿ ಸರ."

"ಅವರೇನ್ ಬಾಯಿಲೇ ಹಾಲು ಹಿಂಡ್ತಾರೇನು? ನೀವು ಅರೀರಿ, ಜಲ್ದಿ."

ಅವರು ಓಡಿಹೋಗಿ ಕುಸುಬಿ ತಂದರು. ನಾನು ಅರೆದೆ. ಕಲ್ಲಿನ ಮೇಲೆ ಅವರೇ ನೀರು ಹಾಕಿದರು. ಅರೆದದ್ದನ್ನು ನನ್ನ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡು ಅರಿವೆಯಲ್ಲಿ ಹಿಂಡಿದರು. ಏನು ಮಾಡುತ್ತಿದ್ದೇವೆ ಎಂದು ನೋಡಲು ಇಬ್ಬರಿಗೂ ಪುರಸತ್ತು ಇರಲಿಲ್ಲ. ಮೆಣಸಿನ ಪುಡಿಯ ಬಟ್ಟಲನ್ನು ಅವರು ಮೊಣಕೈಯಿಂದ ಆಚೆ ಸರಿಸಿದರು. ಬೆಲ್ಲ ಹಾಕಿದರು, ಗಸಗಸೆ ಹಾಕಿದರು, ಏಲಕ್ಕಿ ಜಜ್ಜಿ ಹಾಕಿದರು. ಗಂಡನ ಮಾನ ಉಳಿಯಿತೆಂಬ ಸಮಾಧಾನ ಅವರ ಮುಖದಲ್ಲಿತ್ತು.

ಕೆಲವು ಬೆಂಚುಗಳನ್ನು ಮೇಜಿನಂತೆ ಕೂಡಿಸಿ ಬಿಳಿ ಧೋತರ ಹಾಸಿದ್ದೆವು, ಉಳಿದವು ಕೂಡಲು. ತಹಶೀಲ್ದಾರರು ಮೇಲ್ತುದಿಗೆ ಕುಳಿತರು. ಅವರ ಬದಿಗೆ ಸಾವುಕಾರರು. ಕೊನೆಯ ಬೆಂಚಿನಲ್ಲಿ ನಾನು. ನನ್ನನ್ನು ಕಂಡು ಸಾವುಕಾರರು ಕುಳಿತಲ್ಲೇ ಸ್ವಲ್ಪ ಮೇಲೆದ್ದರು. ಹೆಡ್‌ಮಾಸ್ತರರು ಆ ಗಳಿಗೆಗೆ ಕಾದಿದ್ದವರಂತೆ ಮಾತು ತೆಗೆದರು.

"ಸಾವಕಾರ್ರ, ಇದು ಐನೂರು ವರ್ಸದ ಹಿಂದಿನ ವಿಲಾಯತಿ ಅಡಗಿ. ಮೇಜಿನ ಊಟ. ಇದಕ್ಕ ನಮ್ಮ ರಿವಾಜ ಹತ್ತಂಗಿಲ್ಲ."

"ಬಿಲ್ಕುಲ್!" ಎಂದರು ತಹಶೀಲ್ದಾರರು. "ಆಜ್ ಎಲ್ಲಾರೂ ಅಂಗ್ರೇಜ್ ಆದ್ವಿ ನೋಡ್ರಿ."

ಎಲ್ಲರೂ ನಕ್ಕರು. ಸಾವುಕಾರರೂ ನಕ್ಕು ಕುಳಿತರು.

ಕರಿದ ಅಂಜೂರ ಬಂತು. ಒಬ್ಬರ ಮುಖ ಒಬ್ಬರು ನೋಡುತ್ತ ತಿಂದರು. "ಇಂಥಾದ್ ತಿಂದು ಇವರು ನಮ್ಮ ಮ್ಯಾಲ ರಾಜ್ಯ ಮಾಡ್ತಾರಲ್ಲ!" ಎಂದು ಯಾರೋ ಗೊಣಗಿದರು. ಶುಂಠಿಯ ನೀರು ಬಂತು, ಕುಡಿದು ಕೆಮ್ಮಿದರು. ನಾನೂ ತಿಂದೆ, ನಾನೂ ಕೆಮ್ಮಿದೆ. ಸಾವುಕಾರರು ನನ್ನಿಂದ ನಾಲ್ಕು ಮಾರು ದೂರದಲ್ಲಿ, ಅದೇ ಧೋತರದ ಮೇಲೆ ರೊಟ್ಟಿ ಇಟ್ಟುಕೊಂಡು ಉಣ್ಣುತ್ತಿದ್ದರು. ಹೆಡ್‌ಮಾಸ್ತರರು ಪಂಕ್ತಿಯ ಹಿಂದೆ ಅತ್ತಿಂದಿತ್ತ ನಡೆಯುತ್ತಿದ್ದರು. ಒಮ್ಮೆ ನನ್ನ ಹಿಂದೆ ಬಂದಾಗ ಬೆನ್ನಿಗೆ ಮೆಲ್ಲಗೆ ಒಂದು ಗುದ್ದು ಕೊಟ್ಟರು.

ಆಮೇಲೆ ಗೋಧಿ ಬಂತು. ಹಾಲು ಬದಲಾದದ್ದು ಹೆಡ್‌ಮಾಸ್ತರರಿಗೆ ಇನ್ನೂ ಗೊತ್ತಿರಲಿಲ್ಲ.

ಸಾವುಕಾರರು ಒಂದು ಚಮಚ ಬಾಯಿಗಿಟ್ಟರು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

"ಅಯ್ಯ! ಇದು ಹುಗ್ಗಿ ಅದಲ್ರೀ! ಕುಸುಬಿ ಹಾಲಿನ ಹುಗ್ಗಿ! ನಮ್ಮವ್ವ ಹಿಂಗ ಮಾಡ್ತಿದ್ಲು ನೋಡ್ರಿ, ಥೇಟ್ ಹಿಂಗ." ಇನ್ನೊಂದು ಚಮಚ, ಮತ್ತೊಂದು. ಚಮಚ ಬಿಟ್ಟು ಬೆರಳಿಗೆ ಇಳಿದರು. "ಅಂಗ್ರೇಜರೂ ಹುಗ್ಗಿ ಉಣ್ತಿದ್ರೇನು? ಗೋಧಿ ಏನ್ ಚಂದ ಕುಟ್ಟ್ಯಾರ, ಒಂದ್ ಹೊಟ್ಟು ಹಲ್ಲಿಗೆ ಸಿಗವಲ್ದು. ಯಾರ್ ಕುಟ್ಟಿದ್ರಿ ಇದನ್ನ?"

ಹೊಗಳಿಕೆಗೆಂದು ಕೇಳಿದ ಪ್ರಶ್ನೆ ಅದು. ಅನುಮಾನ ಅದರಲ್ಲಿ ಇರಲಿಲ್ಲ. ಆದರೆ ಕೇಳಿದ ಮೇಲೆ ಅವರ ಕೈ ರೊಟ್ಟಿಯ ಮೇಲೆಯೇ ನಿಂತಿತು.

ಹೆಡ್‌ಮಾಸ್ತರರು ನಿಂತರು. ಅವರು ಕಾಲು ಕದಲಿಸದೆ ನಿಂತದ್ದನ್ನು ನಾನು ಅಂದೇ ಕಂಡದ್ದು. ಹೆಂಡತಿ ಕುಟ್ಟಿದಳು ಎಂದು ಅವರು ಹೇಳಬಹುದಾಗಿತ್ತು. ಹಾಗೆ ಹೇಳಲಿಲ್ಲ.

ಉತ್ತರ ಒಳಬಾಗಿಲಿನಿಂದ ಬಂತು. ಅವರ ಪತ್ನಿ ಅಲ್ಲಿ ಸೌಟು ಹಿಡಿದು ನಿಂತಿದ್ದರು. "ಮಾಸ್ತರು ಕುಟ್ಟ್ಯಾರ್ರಿ, ಲೆಕ್ಕದ ಮಾಸ್ತರು. ಕುಸುಬೀನೂ ಅವರ ಅರದಾರ. ನಾ ಕುದಿಸೀನಿ."

ಸಾವುಕಾರರು ಬೆರಳುಗಳನ್ನು ರೊಟ್ಟಿಯ ಅಂಚಿಗೆ ಒರೆಸಿಕೊಂಡರು. ಸಿಟ್ಟು ಮಾಡಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಹೆಡ್‌ಮಾಸ್ತರ್ರ, ನೀವು ವಿಲಾಯತಿ ಅಡಗಿ ಅಂದ್ರಿ. ವಿಲಾಯತಿದು ಇದ್ದಿದ್ರ ಉಣ್ತಿದ್ನಿ. ಹುಗ್ಗಿ ಆದ್ರ ಉಣ್ಣಾಕ ಬರಂಗಿಲ್ಲ."

ಎದ್ದು, ಹೊರಗೆ ಹೋಗಿ, ಬಾಯಿ ಮುಕ್ಕಳಿಸಿದರು. ಉಳಿದವರು ಒಬ್ಬೊಬ್ಬರಾಗಿ ಎದ್ದರು. ತಹಶೀಲ್ದಾರರು ತಮ್ಮ ಪಾಲನ್ನು ಪೂರ್ತಿ ಉಂಡು, ಬಹಳ ರುಚಿಯಾಗಿದೆ ಎಂದು ಹೇಳಿ, ಟೊಪ್ಪಿಗೆ ಸರಿಮಾಡಿಕೊಂಡು ಹೋದರು.

ಖಾಲಿ ಬೆಂಚುಗಳ ನಡುವೆ ನಾನೊಬ್ಬನೇ ಕುಳಿತಿದ್ದೆ. ಹೆಡ್‌ಮಾಸ್ತರರು ಹೆಂಡತಿಯ ಕಡೆ ತಿರುಗಿದರು.

"ಬೆಲ್ಲ ಹಾಕಿದೇನು?"

"ಹಾಕೀನಿ."

"ಯಾಕ ಹಾಕಿದಿ?"

"ನಿಮ್ಮನ್ನ ನೋಡಿ ಮಂದಿ ನಗಬಾರದಂತ ಹಾಕೀನಿ. ಹಿಂಗ ಎದ್ದು ಹೋಗ್ತಾರಂತ ನನಗೇನ್ ಮಾಲೂಮು?"

ಹಾಗೆಂದವರೇ ಅವರ ಪತ್ನಿ ಸೌಟು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ಸಾವುಕಾರರು ಎದ್ದುಹೋದ ಜಾಗದಲ್ಲಿಯೇ ಕುಳಿತರು. ಗಂಡಸರ ಪಂಕ್ತಿಯಲ್ಲಿ ಹೆಣ್ಣುಮಕ್ಕಳು ಕೂಡುವ ಪದ್ಧತಿ ನಮ್ಮಲ್ಲಿ ಇಲ್ಲ. ಹೊಸ ರೊಟ್ಟಿ ತೆಗೆದುಕೊಂಡು ಹುಗ್ಗಿ ಹಾಕಿಕೊಂಡರು. "ಆರ್ತದ. ಉಣ್ರಿ, ಮಾಸ್ತರ," ಎಂದರು.

ಹೆಡ್‌ಮಾಸ್ತರರೂ ಕುಳಿತರು. ಒಂದು ತುತ್ತು ಬಾಯಿಗಿಟ್ಟುಕೊಂಡು, "ಚಂದ ಆಗೇದ," ಎಂದರು, ಬಹಳ ಬೇಸರದಿಂದ.

ಸಾವುಕಾರರ ನಿರ್ಧಾರ ಸೂಟಿಗೆ ಮುಂಚೆಯೇ ಬಂತು. ಶಾಲೆ ಇರಲಿ, ಲೆಕ್ಕದ ಮಾಸ್ತರು ಬೇಡ. ಹೆಡ್‌ಮಾಸ್ತರರು, "ಹಂಗಾದ್ರ ಇಬ್ರೂ ಬ್ಯಾಡ," ಎಂದು ಹೇಳಿ ಬಂದರು. ಬರುವಾಗ ನನ್ನ ಹತ್ತಿರ ನಿಂತು ಹೇಳಲಿಲ್ಲ, ನಡೆಯುತ್ತಲೇ ಹೇಳಿದರು. "ಅಫಜಲಪುರದಾಗ ಒಬ್ರು ವಕೀಲರು ಶಾಲಿಗೆ ಜಗಲಿ ಕೊಡ್ತಾರಂತ. ಸಾಮಾನು ಕಟ್ರಿ."

ಅಫಜಲಪುರದಲ್ಲಿ ಅವರು ಅದೇ ಊಟವನ್ನು ಇನ್ನೊಮ್ಮೆ ಮಾಡಿದರು. ಈ ಸಲ ಬಾದಾಮಿ ಹಾಲನ್ನು ಕಡೆಯ ಗಳಿಗೆಯಲ್ಲಿ ಹಿಂಡಿದೆವು. ಅವರ ಪತ್ನಿ ತಾವೇ ಸ್ಟೋವಿನ ಮುಂದೆ ನಿಂತು, "ಈ ಸಲ ನಾನ ಕೆಡಸ್ತೇನಿ ತಡ್ರಿ," ಎಂದು ಎರಡು ಹಿಡಿ ಮೆಣಸಿನ ಪುಡಿ ಸುರಿದರು. ಗೋಧಿ ಅರೆಬೆಂದಿತ್ತು. ವಕೀಲರು, ಪೇಟೆಯವರು, ಪಟವಾರಿ, ಎಲ್ಲರೂ ನನ್ನ ಜೊತೆ ಒಂದೇ ಸಾಲಿನಲ್ಲಿ ಕುಳಿತು, ಕಣ್ಣಲ್ಲಿ ನೀರು ತಂದುಕೊಂಡು ಉಂಡರು. ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ. ಗೋಧಿ ಕುಟ್ಟಿದವರು ಯಾರೆಂದು ಕೇಳಲಿಲ್ಲ. ನನ್ನ ಕೆಲಸ ಉಳಿಯಿತು.

ಹೆಡ್‌ಮಾಸ್ತರರು ಕೆಲವು ತಿಂಗಳು ಸಂತೋಷದಲ್ಲಿದ್ದರು. ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ವಕೀಲರ ಹೊಲದಲ್ಲಿ ಮಾಸ್ತರರಿಗೆಲ್ಲ ಊಟ. ನನ್ನ ಎಲೆಯನ್ನು ಬಾವಿಯಾಚೆ, ಬೇರೆ ಗಿಡದ ಕೆಳಗೆ ಇಟ್ಟಿದ್ದರು.

ಮರಳುವ ದಾರಿಯಲ್ಲಿ ಅವರು ನನ್ನ ಜೊತೆ ನಡೆದರು.

"ನಾವು ಕೆಡಿಸಿದ್ದು ವಿಲಾಯತಿ ಜಾತಿ ಅಷ್ಟ, ಮಾಸ್ತರ," ಎಂದರು. "ನಮ್ಮದು ಇದ್ದಂಗ ಅದ."

"ಅವರು ಗುರುತು ಹಿಡೀಲಾರದ್ದು ಉಣ್ಣಿಸಿದ್ವಿರಿ, ಸರ. ಗುರುತು ಇದ್ದದ್ದು ಉಂಡ್ರ ಖರೆ," ಎಂದೆ.

ಅವರು ನಿಂತು ನನ್ನನ್ನು ನೋಡಿದರು. "ಇಷ್ಟ್ ದಿನ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲರಿ."

ಆ ವಾರವೇ ಪುಸ್ತಕವನ್ನು ವಕೀಲರಿಗೆ ಕೊಟ್ಟುಬಿಟ್ಟರು. ಮಾಂಸದ ಹಾಳೆಗಳ ಹೊಲಿಗೆ ಹಾಗೆಯೇ ಇತ್ತು. ಅಫಜಲಪುರದಲ್ಲಿ ಅವರಿಗೆ ನಿಲ್ಲಲಾಗಲಿಲ್ಲ. ಮರುವರ್ಷ ಜೇವರ್ಗಿಯವರು ಕರೆದರು. ಸೊನ್ನದ ಹತ್ತಿರ ಭೀಮಾ ನದಿಯನ್ನು ಹರಿಗೋಲಿನಲ್ಲಿ ದಾಟಿದೆವು. ಹರಿಗೋಲು ನಡುನೀರಿನಲ್ಲಿ ತಿರುಗುವಾಗಲೂ ಅವರು ಎದ್ದು ನಿಲ್ಲಲು ನೋಡಿ ಅಂಬಿಗನಿಂದ ಬೈಸಿಕೊಂಡರು.

ಜೇವರ್ಗಿಯಲ್ಲಿ ಮುಚ್ಚುಮರೆ ಇರಲಿಲ್ಲ. ಶಾಲೆ ಸುರುವಾಗುವ ದಿನ ಊರ ಹಿರಿಯರನ್ನೆಲ್ಲ ಕರೆದು, ಅವರ ಎದುರಿಗೆ ಹುಗ್ಗಿಯ ಪಾತ್ರೆ ಇರಿಸಿ ಹೇಳಿದರು: "ಇದು ಕುಸುಬಿ ಹುಗ್ಗಿ. ಗೋಧಿ ಕುಟ್ಟಿದವರು ಇವರು, ನಮ್ಮ ಲೆಕ್ಕದ ಮಾಸ್ತರು. ಅರದವರೂ ಇವರ. ಕುದಿಸಿದಾಕಿ ನನ್ನ ಹೇಣ್ತಿ. ಉಣ್ಣವರು ಕುಂಡ್ರಿ. ಏಳವರು ಈಗ ಏಳ್ರಿ, ಆಮ್ಯಾಲೆ ಬ್ಯಾಡ."

ಬಹಳ ಜನ ಎದ್ದರು. ಕುಳಿತವರು ಕೆಲವರೇ. ಒಬ್ಬ ಮುದುಕ ಸಿಂಪಿಗ, ಇಬ್ಬರು ಹೊಲದ ಆಳುಗಳು, ಸಾವುಕಾರರೊಬ್ಬರ ಜಗಳಗಂಟ ತಮ್ಮ. ಆ ತಮ್ಮ ಅಣ್ಣನ ಮೇಲಿನ ಸಿಟ್ಟಿಗೆ ಕುಳಿತದ್ದು ಎಂದು ಎಲ್ಲರಿಗೂ ಗೊತ್ತಿತ್ತು. "ಸಿಟ್ಟಿಗೆ ಕುಂತ್ರೂ ಹೊಟ್ಟಿಗೆ ಹೋಗ್ತದ," ಎಂದರು ಹೆಡ್‌ಮಾಸ್ತರರು. ವರ್ಷಕ್ಕೊಮ್ಮೆ ಅದೇ ಊಟ, ಅದೇ ಮಾತು. ಪ್ರತಿ ಸಲ ನನ್ನ ಕಡೆ ಕೈ ಮಾಡಿ ತೋರಿಸಿಯೇ ಬಡಿಸಲು ಸುರುಮಾಡುತ್ತಿದ್ದರು. ಒಂದು ವರ್ಷ ಕುಳಿತವರು ಮರುವರ್ಷ ಬರದಿದ್ದದ್ದೂ ಉಂಟು. ಅವರು ಅಂಥವರ ಮನೆಯ ಮುಂದೆ ಹಾಯ್ದಾಗೆಲ್ಲ, "ಹುಗ್ಗಿ ಉಳದದ ನೋಡ್ರೀ," ಎಂದು ಕೂಗಿ ಮುಂದೆ ಹೋಗುತ್ತಿದ್ದರು.

೧೯೪೪ರಲ್ಲಿ ನಾನು ಸೊಲ್ಲಾಪುರದ ಪತ್ರಿಕೆಯೊಂದಕ್ಕೆ ಸೇರಿದೆ. ಹೋಗುವ ದಿನ ಅವರು ಬಸ್ಸಿನ ಜೊತೆ ಸ್ವಲ್ಪ ದೂರ ನಡೆದುಬಂದರು. ಕಿಟಕಿಯಿಂದ ಕೇಳಿದ ಕೊನೆಯ ಮಾತು ಇದು: "ಸುದ್ದಿ ಬರೀವಾಗ ಯಾರ್ ಮಾಡಿದ್ರು ಅಂಬೂದು ಬಿಡಬ್ಯಾಡ್ರಿ. ಮಂದಿ ಅದನ್ನ ಮೊದಲ ಕೇಳ್ತಾರ, ಮೊದಲ ಮುಚ್ಚಿಡ್ತಾರ." ಆ ಮಾತಿನ ಮೇಲೆ ನಾನು ಇಷ್ಟು ವರ್ಷ ಅನ್ನ ಉಂಡಿದ್ದೇನೆ.

೧೯೪೬ರ ಮಳೆಗಾಲದಲ್ಲಿ ಅವರು ಜೇವರ್ಗಿಯಲ್ಲಿ ಚಳಿಜ್ವರದಿಂದ ತೀರಿಕೊಂಡರು. ಸುದ್ದಿ ಬಸ್ಸಿನವರ ಬಾಯಿಂದ ಬಂತು. ನಾನು ಮುಟ್ಟುವ ಹೊತ್ತಿಗೆ ಲಿಂಗಾಯತರ ಪದ್ಧತಿಯಂತೆ ಅವರನ್ನು ಕೂಡಿಸಿ, ವಿಭೂತಿ ಹಚ್ಚಿದ್ದರು. ಹೊರುವವರ ಸಾಲಿನಲ್ಲಿ ನಾನು ನಿಂತಾಗ ಒಬ್ಬಿಬ್ಬರು ಮುಖ ನೋಡಿದರು. ಅವರ ಪತ್ನಿ, "ಮಾಸ್ತರು ಹೊರ್ತಾರ," ಎಂದರು. ಅವರು ಅಳುತ್ತಿರಲಿಲ್ಲ. ಹೆಗಲು ಕೊಟ್ಟೆ.

ಜೇವರ್ಗಿಯ ಆ ಶಾಲೆಯನ್ನು ಈಗ ಸರಕಾರ ವಹಿಸಿಕೊಂಡಿದೆ. ವರ್ಷದ ಊಟವನ್ನು ಊರವರು ಬಿಟ್ಟಿಲ್ಲ. ಕಳೆದ ಸಲ ಹೋಗಿ ನೋಡಿಬಂದೆ. ಮಕ್ಕಳೆಲ್ಲ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ಅಲ್ಲಿಯ ನಮ್ಮವರ ಕೇರಿಯ ಮಕ್ಕಳೂ ಕೂಡುತ್ತಾರೆ. ಗೋಧಿ ಕುಟ್ಟುವುದಕ್ಕೆ ಮಾತ್ರ ಆ ಕೇರಿಯವರನ್ನು ಈತನಕ ಕರೆದಿಲ್ಲ.